ಮೂರನೆಯ ರಾಡಿನ ಸದ್ದು

ಬೀದಿಯ ತಿರುವು ದಾಟಿದಾಗ ಮೇಸ್ತ್ರಿಗೆ ತನ್ನ ರಿಪೇರಿ ಷೆಡ್ಡಿನ ಮುಂದೆ ಅಕ್ಕನ ಪಿಕಪ್ ಹಾಗೆಯೇ ನಿಂತಿರುವುದು ಕಾಣಿಸಿತು. ನಿಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ, ಅದರ ಇಂಜಿನ್ ಸತ್ತಿತು ಎಂದು ತೀರ್ಪು ಕೊಟ್ಟವನು ತಾನೇ ಅಲ್ಲವೆ? ಆದರೂ ಮನೆಯಿಂದ ಇಲ್ಲಿಯವರೆಗೆ ನಡೆದು ಬರುವಾಗ ಅವನ ಮನಸ್ಸಿನಲ್ಲಿ ಒಂದು ಕೆಟ್ಟ ಆಸೆ ಕೂತಿತ್ತು. ಗುಜರಿಯವನು ಅವಸರ ಮಾಡಿ ಬೆಳಕು ಹರಿಯುವ ಮೊದಲೇ ಎಳೆದುಕೊಂಡು ಹೋಗಿರಲಿ, ಖಾಲಿ ಜಾಗದಲ್ಲಿ ಒಂದಿಷ್ಟು ಎಣ್ಣೆಯ ಕಲೆ ಉಳಿದಿರಲಿ, ಅದರ ಮೇಲೆ ಮಣ್ಣು ಎರಚಿ ತಾನು ಬೇರೆ ಕೆಲಸಕ್ಕೆ ಕೈ ಹಚ್ಚುವಂತಾಗಲಿ ಎಂದು. ಭಾವ ತೀರಿಕೊಂಡಂದಿನಿಂದ ಅಕ್ಕ ಈ ಗಾಡಿಯಲ್ಲಿ ಆಸ್ಪತ್ರೆ, ಹಾಸ್ಟೆಲುಗಳ ಹಾಸಿಗೆ ಬಟ್ಟೆಯ ಗಂಟುಗಳನ್ನು ಲಾಂಡ್ರಿಗೆ ಒಯ್ದು, ಒಗೆದದ್ದನ್ನು ತಿರುಗಿ ತಲುಪಿಸುತ್ತಿದ್ದಳು. ಹಿಂದಿನ ತೊಟ್ಟಿಯ ತಗಡಿಗೆ ಸೋಪಿನ ವಾಸನೆ ಹಿಡಿದು ಹೋಗಿತ್ತು. ಗಾಡಿಗೆ ಅವಳು ಇಟ್ಟ ಹೆಸರು ಮುದುಕಿ. ಮೊನ್ನೆ ಮುದುಕಿ ಟಕ್ ಟಕ್ ಎನ್ನುತ್ತ ಅಂಗಳಕ್ಕೆ ಬಂದಾಗ ನಾಲ್ಕಾರು ಜನ ಇದ್ದರು, ಗುಜರಿಯವನೂ ಇದ್ದ. ಮೇಸ್ತ್ರಿ ಬಾನೆಟ್ ಕೂಡ ಎತ್ತಿರಲಿಲ್ಲ. ಕೈ ಒರೆಸಿಕೊಳ್ಳುತ್ತ, ತಲೆಯನ್ನು ತುಸು ಓರೆ ಮಾಡಿ ನಿಂತು, “ಮೂರನೇ ರಾಡ್ ಬೇರಿಂಗ್ ಹೋಗಿದೆ. ಕ್ರ್ಯಾಂಕನ್ನೂ ತಿಂದಿರುತ್ತೆ. ಇನ್ನು ಇದಕ್ಕೆ ಹಾಕಿದ್ದೆಲ್ಲ ದಂಡ” ಎಂದಿದ್ದ. ಯಾರೂ ಎದುರಾಡಲಿಲ್ಲ. ಕಿವಿ ಮೇಸ್ತ್ರಿ ಎಂಬ ಹೆಸರು ಸುಮ್ಮನೆ ಬಂದದ್ದೆ? ರಸ್ತೆಯಲ್ಲಿ ಹೋಗುವ ಲಾರಿಯ ಸದ್ದು ಕೇಳಿಯೇ ಯಾವ ಚಕ್ರದಲ್ಲಿ ಗ್ರೀಸು ಒಣಗಿದೆ ಎಂದು ಹೇಳುತ್ತಿದ್ದವನು. ಅಕ್ಕ ಸ್ಟಿಯರಿಂಗ್ ಹಿಡಿದು ಕೂತವಳು ಕೂತಂತೆಯೇ ಇಂಜಿನ್ ಆರಿಸಿದ್ದಳು.

ನಿನ್ನೆ ಸಂಜೆಯವರೆಗೂ ಅವನಿಗೆ ಅನುಮಾನ ಇರಲಿಲ್ಲ. ಸಂಜೆ ದೊಡ್ಡ ರಸ್ತೆ ದಾಟುವಾಗ ಬಸ್ಸಿನ ಹಾರನ್ ಕೇಳಿತು. ಬಲಕ್ಕೆ ನೋಡಿದ, ರಸ್ತೆ ಖಾಲಿ. ಕಾಲು ಮುಂದಿಟ್ಟ. ಬಸ್ಸು ಎಡದಿಂದ ಬಂದು ಅವನ ಅಂಗಿಯ ತುದಿ ಸವರುವಷ್ಟು ಹತ್ತಿರದಲ್ಲಿ ನಿಂತಿತು. “ಕಿವಿ ಮನೇಲಿಟ್ಟು ಬಂದಿದ್ದೀಯೇನಯ್ಯಾ?” ಎಂದು ಡ್ರೈವರ್ ಕಿರುಚಿದ. ಜನ ನಕ್ಕರು. ಅವನೂ ನಕ್ಕು ಈಚೆಗೆ ಬಂದು ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆದರಿದ್ದು ಬಸ್ಸಿಗಲ್ಲ. ಅಷ್ಟು ದೊಡ್ಡ ಬಸ್ಸು ಯಾವ ಕಡೆಯಿಂದ ಬಂತೆಂದು ತಿಳಿಯದವನಿಗೆ, ಒಂದು ಮೊಳದ ಇಂಜಿನ್ನಿನಲ್ಲಿ ಸಾಲಾಗಿ ನಿಂತ ನಾಲ್ಕು ಪಿಸ್ಟನ್ ರಾಡುಗಳಲ್ಲಿ ಮೂರನೆಯದೇ ಎಂದು ಹೇಗೆ ತಿಳಿಯಿತು? ಎಡಗಿವಿ ಹೋದದ್ದು ಹೋದ ಚಳಿಗಾಲದಲ್ಲಿ. ಒಂದು ಬೆಳಿಗ್ಗೆ ಎದ್ದಾಗ ಆ ಕಡೆಯ ಲೋಕವೇ ಬಾಗಿಲು ಹಾಕಿಕೊಂಡಿತ್ತು. ಕಿವಿಯ ಡಾಕ್ಟರು ನರ ಸತ್ತಿದೆ ಎಂದರು. ಇನ್ನೊಂದು ಗಟ್ಟಿಯಾಗಿದೆ, ಸಮಾಧಾನ ಮಾಡಿಕೊಳ್ಳಿ ಎಂದರು. ಒಂದೇ ಕಿವಿಯಲ್ಲಿ ಸದ್ದು ಕೇಳುತ್ತದೆ, ಅದು ಎಲ್ಲಿಂದ ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ ಎಂದೂ ಅಂದಿದ್ದರು. ಆ ಕೊನೆಯ ಮಾತನ್ನು ಅವನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಅವಳು ಬಲಕ್ಕೆ ಬರುವಂತೆ ಹಾಸಿಗೆಯಲ್ಲಿ ಜಾಗ ಬದಲಿಸಿಕೊಂಡ, ಗೋಡೆ ಕಡೆ ಚಳಿ ಎಂದ. ಷೆಡ್ಡಿನ ಕೆಲಸದ ಮೇಜನ್ನು ಬಂದವರೆಲ್ಲ ಬಲಕ್ಕೇ ನಿಲ್ಲುವ ಹಾಗೆ ತಿರುಗಿಸಿದ. ಒಬ್ಬ ಗಿರಾಕಿ ತಪ್ಪಿ ಎಡಕ್ಕೆ ನಿಂತು ಏನೋ ಹೇಳಿದಾಗ ತಮಾಷೆಯಿರಬೇಕೆಂದು ಗಟ್ಟಿಯಾಗಿ ನಕ್ಕಿದ್ದ. ಆತ ಹೇಳಿದ್ದು ತನ್ನ ತಾಯಿ ಹೋಗಿಬಿಟ್ಟಳೆಂದು. ಆ ಮುಖ ಇವತ್ತಿಗೂ ಅವನ ಕಣ್ಣಿನಿಂದ ಅಳಿದಿಲ್ಲ.

ಗಾಡಿ ಇನ್ನೂ ಇಲ್ಲೇ ಇರುವಾಗ ಪರೀಕ್ಷೆ ಮಾಡಿಯೇ ತೀರುತ್ತೇನೆ ಎಂದುಕೊಂಡ. ಷೆಡ್ಡಿನ ಇನ್ನೊಂದು ಅರ್ಧದಲ್ಲಿ ವೆಲ್ಡಿಂಗ್ ಮಾಡುವ ಷಡ್ಡಕ, ಹೆಂಡತಿಯ ತಂಗಿಯ ಗಂಡ, ಆಗಲೇ ಬಂದು ಒಂದು ಕಬ್ಬಿಣದ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಮೇಸ್ತ್ರಿ ಬಾನೆಟ್ ಎತ್ತಿ ಸ್ಪ್ಯಾನರು ಜೋಡಿಸಿಕೊಳ್ಳುವುದನ್ನು ನೋಡಿ ಮುಖದ ಗುರಾಣಿ ಮೇಲೆತ್ತಿದ.

“ಏನಣ್ಣ, ಹೆಣದ ನಾಡಿ ನೋಡ್ತಿದ್ದೀಯ?”

“ಸುಮ್ನೆ. ಒಂದ್ಸಲ ನೋಡೋಣ ಅಂತ.”

“ಮೊನ್ನೆ ದೂರದಲ್ಲಿ ನಿಂತೇ ಹೇಳಿಬಿಟ್ಟೆಯಲ್ಲ, ಇನ್ನೇನು ನೋಡೋದು?”

ಷಡ್ಡಕನ ಬಾಯಿಗೆ ಬೀಗ ಹಾಕಿದವರು ಈವರೆಗೆ ಹುಟ್ಟಿಲ್ಲ. ಸುಮ್ಮನಿದ್ದರೆ ತಾನೇ ತಣ್ಣಗಾಗುತ್ತಾನೆ. ಕೀಲಿ ತಿರುಗಿಸಿದ. ಮುದುಕಿ ಕೆಮ್ಮಿ, ನಡುಗಿ, ಎದ್ದಳು. ಸದ್ದು ಬಂತು. ಟಕ್, ಟಕ್, ಟಕ್, ಭಾರವಾದ, ಒಳಗಿನ ಸದ್ದು. ಯಾರೇ ಕೇಳಿದರೂ ರಾಡ್ ಎನ್ನುವಂಥದ್ದು. ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದರೆ ಆಯಾ ಸಿಲಿಂಡರಿನ ಉಸಿರು ನಿಲ್ಲುತ್ತದೆ. ಬೇರಿಂಗ್ ಹೋದ ರಾಡಿನ ಮೇಲೆ ಆಗ ಹೊಡೆತ ಬೀಳದೆ ಸದ್ದು ಮೆತ್ತಗಾಗಬೇಕು. ಕೆಲಸ ಕಲಿಯುವವರು ಮಾಡುವ ಪರೀಕ್ಷೆ ಇದು. ಅವನು ಇದನ್ನು ಮಾಡಿ ಎಷ್ಟೋ ಕಾಲವಾಗಿತ್ತು, ಮಾಡಿದರೆ ಕಿವಿಗೆ ಅವಮಾನ ಎಂಬಂತೆ. ಈಗ ಮೊದಲನೆಯದನ್ನು ಸಡಿಲಿಸಿದ. ಇಂಜಿನ್ ಕುಂಟಿತು, ಟಕ್ ಹಾಗೆಯೇ ಇತ್ತು. ಬಿಗಿದು, ಎರಡನೆಯದು. ಹಾಗೆಯೇ. ಮೂರನೆಯದಕ್ಕೆ ಬಂದಾಗ ಕೈ ತಡೆಯಿತು. ಮೆತ್ತಗಾಗು ತಾಯಿ ಎಂದುಕೊಂಡ, ಮರುಗಳಿಗೆಗೆ ತನ್ನ ಬಗ್ಗೆಯೇ ಅಸಹ್ಯವಾಯಿತು, ಮೆತ್ತಗಾದರೆ ಅಕ್ಕನ ಗಾಡಿ ಸತ್ತಂತೆ, ಅದನ್ನೇ ಬೇಡುತ್ತಿದ್ದೇನಲ್ಲ. ಸಡಿಲಿಸಿದ. ಡೀಸೆಲ್ ಚಿಮ್ಮಿ ಬೆರಳುಗಳ ನಡುವೆ ಇಳಿಯಿತು. ಟಕ್, ಟಕ್, ಟಕ್. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾಲ್ಕನೆಯದಕ್ಕೂ ಇಲ್ಲ. ಇಂಜಿನ್ ಆರಿಸಿ, ಕೆಳಗೆ ನುಸುಳಿ, ಎಣ್ಣೆಯನ್ನು ಬೋಗುಣಿಗೆ ಇಳಿಸಿದ. ಬೇರಿಂಗ್ ಸವೆದಿದ್ದರೆ ಎಣ್ಣೆಯಲ್ಲಿ ಲೋಹದ ಹುಡಿ ಮಿನುಗುತ್ತದೆ. ಬಿಸಿಲಿಗೆ ಒಯ್ದು ಬೆರಳಲ್ಲಿ ಉಜ್ಜಿ ನೋಡಿದ. ಕಪ್ಪಗೆ, ನುಣ್ಣಗೆ, ಯಾವ ಮಿನುಗೂ ಇಲ್ಲದ ಹಳೆಯ ಎಣ್ಣೆ. ಬೆರಳನ್ನು ಬಹಳ ಹೊತ್ತು ನೋಡುತ್ತ ನಿಂತ. ಸಂತೋಷವಾಗಬೇಕಿತ್ತು. ಆದರೆ ಸುಳ್ಳಾದದ್ದು ತನ್ನ ಕಿವಿ.

ಅಕ್ಕ ಬಂದದ್ದು ಆ ಹೊತ್ತಿಗೆ. ಕೈಯಲ್ಲಿ ಎರಡು ಖಾಲಿ ಚೀಲ. ಅವನ ಕಡೆ ನೋಡದೆ ಕ್ಯಾಬಿನ್ನಿನ ಬಾಗಿಲು ತೆಗೆದು ಒಳಗಿದ್ದದ್ದನ್ನು ತುಂಬತೊಡಗಿದಳು: ಬೆನ್ನಿಗೆ ಇಟ್ಟುಕೊಳ್ಳುವ ದಿಂಬು, ಟಾರ್ಚು, ಬಿಸಿಲಿಗೆ ಕಟ್ಟುವ ಪರದೆ, ಭಾವನ ಹಳೆಯ ಕನ್ನಡಕ, ಅದು ಯಾಕೆ ಅಲ್ಲಿತ್ತೋ. ಅವನು ಎಣ್ಣೆಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನೋಡಿದ. ಚಿಕ್ಕಂದಿನಲ್ಲಿ ಅವನು ಏನಾದರೂ ಒಡೆದು ಹಾಕಿದರೆ ಹೀಗೆಯೇ ಅವಳು ಮಾತಿಲ್ಲದೆ ಚೂರು ಆರಿಸುತ್ತಿದ್ದಳು, ಅಪ್ಪ ಬರುವುದರೊಳಗೆ.

“ಮಧ್ಯಾಹ್ನ ಗುಜರಿಯವನು ಬರ್ತಾನೆ” ಎಂದಳು ಕೊನೆಗೆ. “ಲಾಂಡ್ರಿಯವರು ನಾಳೆಯಿಂದ ಇನ್ನೊಬ್ಬನ ವ್ಯಾನಿಗೆ ಹೇಳಿದ್ದಾರೆ. ನಾನು ಒಳಗೆ ಇಸ್ತ್ರಿ ಮೇಜಿಗೆ ಬರಬಹುದಂತೆ. ನಿಂತೇ ಇರಬೇಕು ದಿನವಿಡೀ. ಇರ್ಲಿ, ಕೂತೂ ಕೂತೂ ಸೊಂಟ ಹಿಡಿದಿತ್ತು.”

ಅವಳ ಮೊಣಕಾಲು ಮೆಟ್ಟಿಲು ಹತ್ತುವಾಗಲೇ ಅಳುತ್ತದೆ. ಅದನ್ನು ಅವಳೂ ಬಲ್ಲಳು, ಅವನೂ ಬಲ್ಲ. ಅವನು ಎಣ್ಣೆ ತುಂಬಿ, ಇಂಜಿನ್ ಮತ್ತೆ ಎಬ್ಬಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡ. ಮುಂದೆ ಟಕ್. ನಡುವೆ ಟಕ್. ಹಿಂದೆ, ಗೇರ್‌ಬಾಕ್ಸ್ ಸೇರುವಲ್ಲಿ, ಇನ್ನೂ ಗಟ್ಟಿಯಾಗಿ ಟಕ್. ಗಟ್ಟಿಯಾಗಿಯೋ, ಅಥವಾ ಗಟ್ಟಿಯಾಗಿರಲಿ ಎಂದು ತಾನು ಬಯಸುತ್ತಿರುವುದೋ? ಮೊನ್ನೆ ಮೂರನೇ ರಾಡ್ ಎಂದು ಕೇಳಿದ್ದೂ ಇದೇ ಕಿವಿಯಲ್ಲವೆ? ಕಿವಿ ಕೇಳಿರಲಿಲ್ಲ, ಬಾಯಿ ಹೇಳಿತ್ತು. ಜನ ಇದ್ದರು, ಹೆಸರಿತ್ತು, ಹೆಸರು ಹೇಳಿತ್ತು. ಕಬ್ಬಿಣದ ಮೈಯಲ್ಲಿ ಸದ್ದು ಎಲ್ಲ ಕಡೆಗೂ ಹರಿಯುತ್ತದೆ. ಎರಡು ಕಿವಿಯಿದ್ದಾಗ ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆಯನ್ನು ಆಚೀಚೆ ತಿರುಗಿಸಿ, ಕಣ್ಣು ಮುಚ್ಚಿದರೆ ಸದ್ದು ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಈಗಲೂ ಸರಿದ, ತಿರುಗಿಸಿದ, ಮುಚ್ಚಿದ. ಸದ್ದು ಎಲ್ಲಿಯೂ ಕೂರಲಿಲ್ಲ. ಗಾಡಿಯ ಒಳಗೂ ಅಲ್ಲ, ಹೊರಗೂ ಅಲ್ಲ, ಬರೀ ಅವನ ಬಲಗಡೆ ನೇತಾಡುತ್ತಿತ್ತು. ಇನ್ನೊಂದು ಕಿವಿ ಬೇಕು. ಷಡ್ಡಕನಿಗಿದೆ ಎರಡು, ಆದರೆ ಅವನಿಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಹಂಚಿಕೆ. ಅಕ್ಕನಿಗಿದೆ. ಮೂರೇ ಮಾತಿನ ಪ್ರಶ್ನೆ. ಆದರೆ ಅದನ್ನು ಕೇಳಿದ ಮೇಲೆ ತಾನು ಯಾರು? ಸ್ಪ್ಯಾನರು ಹಿಡಿದ ಮತ್ತೊಬ್ಬ ಮುದಿಯ. ಅಕ್ಕ ಚೀಲದ ಬಾಯಿ ಕಟ್ಟುತ್ತಿದ್ದಳು. ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದುದನ್ನು ಕಂಡ. ತೊಲಗಿ ಹೋಗಲಿ ಎಂದುಕೊಂಡ, ಯಾವುದು ಎಂದು ತನಗೇ ಸ್ಪಷ್ಟವಿರಲಿಲ್ಲ, ಹೆಸರೋ, ಹೆದರಿಕೆಯೋ.

“ಅಕ್ಕ, ಒಂದು ನಿಮಿಷ. ಈ ಸದ್ದು ಯಾವ ಕಡೆಯಿಂದ ಬರ್ತಿದೆ?”

ಅಕ್ಕ ತಿರುಗಿದಳು. “ಏನು, ನನಗೆ ಪರೀಕ್ಷೆನಾ?”

“ಅಲ್ಲ. ಕೇಳಿ ಹೇಳು.”

“ನಾನೇನು ಹೇಳ್ಲಿ, ನೀನು ಹೇಳಿ ಆಗಿದೆಯಲ್ಲ, ಮೂರನೇದು ಅಂತ.”

“ನಾನು ಹೇಳಿದ್ದು ಬಿಡು. ನಿನಗೆ ಎಲ್ಲಿಂದ ಕೇಳುತ್ತೆ?”

ಅವಳು ಯೋಚಿಸದೆ, ಬೇಳೆ ಡಬ್ಬಿ ಎಲ್ಲಿದೆ ಎಂದು ಕೇಳಿದವರಿಗೆ ತೋರಿಸುವ ಹಾಗೆ, ಚಾಲಕನ ಸೀಟಿನ ಕೆಳಗೆ ಕೈ ತೋರಿಸಿದಳು. “ನನ್ನ ಕಾಲ ಕೆಳಗಿಂದ. ಪೆಡಲ್ ಹತ್ರ. ಸದ್ದೆದ್ದ ಮೊದಲ ದಿನದಿಂದಲೂ ಅಲ್ಲಿಂದಲೇ. ಪಾದಕ್ಕೆ ಬಡಿಯುತ್ತೆ.”

“ಮೊದಲ ದಿನದಿಂದಲೂ! ಮತ್ತೆ ಮೊನ್ನೆ ಬಾಯಿ ಬಿಡೋದಕ್ಕೇನಾಗಿತ್ತು?”

“ನೀನು ಕಿವಿ ಮೇಸ್ತ್ರಿ ಕಣೋ” ಎಂದಳು ಅಕ್ಕ, ಅವನೇ ತಪ್ಪು ಮಾಡಿದವನಂತೆ. “ಅಷ್ಟು ಜನರ ಮುಂದೆ ಇಂಜಿನ್ ಒಳಗಿನ ರಾಡ್ ಅಂತ ನೀನಂದೆ. ನನ್ನ ಕಾಲು ಅದರ ಹಿಂದುಗಡೆ ಅಂತಿತ್ತು. ನಿನ್ನ ಮಾತು ಬಿಟ್ಟು ನನ್ನ ಕಾಲಿನ ಮಾತು ಕೇಳ್ಲಾ?”

ಅವನು ಅವಳನ್ನು ಹೆಚ್ಚುಕಡಿಮೆ ತಳ್ಳಿಯೇ ಸೀಟಿಗೆ ಹತ್ತಿಸಿದ. “ಕ್ಲಚ್ ಒತ್ತು. ಪೂರ್ತಿ. ಹಾಗೇ ಹಿಡಿ.” ಅವಳು ಒತ್ತಿದಳು. ಟಕ್ ನಿಂತಿತು. ಮುದುಕಿ ಹಳೆಯ ದಿನಗಳ ಹಾಗೆ ಬರೀ ಗುರುಗುಟ್ಟಿದಳು. ಷಡ್ಡಕನ ವೆಲ್ಡಿಂಗಿನ ಚಟಪಟವೂ ನಿಂತಿತ್ತು. “ಬಿಡು.” ಟಕ್, ಟಕ್. “ಒತ್ತು.” ಟಕ್ ಇಲ್ಲ. ರಾಡಿನ ಸದ್ದಾಗಿದ್ದರೆ ಕ್ಲಚ್ಚಿಗೂ ಅದಕ್ಕೂ ಏನು ನಂಟು? ಇಂಜಿನ್ನಿನ ಬೆನ್ನಿಗೆ ಕೂತ ಭಾರದ ಚಕ್ರ, ಫ್ಲೈವೀಲ್, ಬೋಲ್ಟು ಸಡಿಲವಾಗಿ ಅಲುಗುತ್ತಿದೆ. ಪೆಡಲ್ ಒತ್ತಿದಾಗ ಆ ಒತ್ತಡಕ್ಕೆ ತನ್ನ ಜಾಗದಲ್ಲಿ ಅಂಟಿ ನಿಲ್ಲುತ್ತಿದೆ. ಆದರೆ ಆ ಬೋಲ್ಟುಗಳು ತಾವಾಗಿ ಸಡಿಲವಾಗುವಂಥವಲ್ಲ. ಕ್ಲಚ್ ಬದಲಿಸುವಾಗ ಯಾರೋ ಬಿಚ್ಚಿರಬೇಕು, ಬಿಗಿಯುವಾಗ ಮೈ ಉಳಿಸಿಕೊಂಡಿರಬೇಕು. ಅವನಂತೂ ಈ ಗಾಡಿಯ ಕ್ಲಚ್ ಮುಟ್ಟಿರಲಿಲ್ಲ.

“ಅಕ್ಕ, ಕ್ಲಚ್ ಕೆಲಸ ಯಾರ ಹತ್ರ ಮಾಡಿಸಿದೆ?”

ಅಕ್ಕ ಇಂಜಿನ್ ಆರಿಸಿದಳು. ಸೆರಗಿನಿಂದ ಸ್ಟಿಯರಿಂಗಿನ ಧೂಳು ಒರೆಸಿದಳು, ಒರೆಸುವಷ್ಟು ಧೂಳಿರಲಿಲ್ಲ. “ಬೇಸಿಗೇಲಿ ಜಾರೋದಕ್ಕೆ ಶುರುವಾಗಿತ್ತು. ನಿನ್ನ ಹತ್ರಾನೇ ಬಂದಿದ್ದೆ. ನೀನು ಮೇಜಿನ ಮುಂದೆ ಬಗ್ಗಿದ್ದೆ. ಹಿತ್ತಿಲ ಬಾಗಿಲಲ್ಲಿ ನಿಂತು ಕರೆದೆ, ಮತ್ತೂ ಕರೆದೆ, ಆಚೆ ಕಬ್ಬಿಣ ಬಡಿಯೋ ಸದ್ದಿನ ಮೇಲೂ ಗಂಟಲು ಹರಿಯೋ ಹಾಗೆ ಕರೆದೆ. ನೀನು ತಲೆ ಎತ್ತಲಿಲ್ಲ. ನನಗೆ ಅಳು ಬಂತು. ಆ ವಾರ ನಿನ್ನ ಹೆಂಡತಿಗೆ ಏನೋ ಒಂದು ಮಾತು ಅಂದಿದ್ದೆನಲ್ಲ, ಅದಕ್ಕೇ ಮುನಿಸು ಅಂದ್ಕೊಂಡೆ. ಒಡಹುಟ್ಟಿದವಳು ಬಾಗಿಲಲ್ಲಿ ನಿಂತಿದ್ರೂ ನೋಡದವನ ಹಂಗ್ಯಾಕೆ ಅಂತ ಹೆದ್ದಾರಿ ಪಕ್ಕದವನ ಹತ್ರ ಮಾಡಿಸಿದೆ. ಮೊನ್ನೆ ಬೇರೆ ದಾರಿ ಇಲ್ಲದೆ ಬಂದೆ.”

ಅವನು ತಲೆ ತಿರುಗಿಸಿ ಷೆಡ್ಡಿನ ಒಳಗೆ ನೋಡಿದ. ತಾನೇ ತಿರುಗಿಸಿಟ್ಟ ಮೇಜು. ಗಿರಾಕಿಗಳು ಬಲಕ್ಕೆ ಬರಲೆಂದು ಅಷ್ಟು ಲೆಕ್ಕ ಹಾಕಿ ತಿರುಗಿಸಿದ್ದ; ಹಿತ್ತಿಲ ಬಾಗಿಲು ಎಡಕ್ಕೆ ಬಿದ್ದದ್ದನ್ನು ಗಮನಿಸಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಬರುವವರು ಮನೆಯವರು ಮಾತ್ರ.

“ನನಗೆ ಎಡಗಿವಿ ಕೇಳಲ್ಲ ಅಕ್ಕ. ಚಳಿಗಾಲದಿಂದ. ಪೂರ್ತಿ ಹೋಗಿದೆ.”

ಹೇಳಿದ ಮೇಲೆ ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ಅಕ್ಕ ಈಗ ಅಳುತ್ತಾಳೆ ಎಂದುಕೊಂಡ. ಆದರೆ ಅವಳಿಗೆ ಬಂದದ್ದು ಸಿಟ್ಟು.

“ಹಾಗಾದ್ರೆ ನಾನು ಇಷ್ಟು ತಿಂಗಳು ನಿನ್ನ ಮೇಲೆ ಕೋಪ ಮಾಡ್ಕೊಂಡು ಕೂತಿದ್ದು? ಊಟಕ್ಕೆ ಕರೆದ್ರೆ ಬರದೇ ಇದ್ದಿದ್ದು? ಅದೆಲ್ಲ ದಂಡ ತಾನೆ? ಹೇಳಬಾರದೇನೋ, ಕಿವುಡ ಮುಂಡೇದೇ!”

ಷಡ್ಡಕ ಗುರಾಣಿಯನ್ನು ನೆಲದ ಮೇಲಿಟ್ಟು ಇತ್ತ ಬರುತ್ತಿದ್ದ. ಕೇಳಿಸಿಕೊಂಡಿದ್ದಾನೆ ಎಂದು ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಮೊದಲ ಬಾರಿಗೆ ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ಜಾಕ್ ಎಳೆದು ತಂದು ಗಾಡಿಯ ಕೆಳಗೆ ಇಟ್ಟ.

ಗುಜರಿಯವನು ಬಂದಾಗ ಮೇಸ್ತ್ರಿ, ಷಡ್ಡಕ ಇಬ್ಬರೂ ಗಾಡಿಯ ಅಡಿಯಲ್ಲಿದ್ದರು. ಅವನು ಎಳೆಯುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ, ಒಳ್ಳೆಯ ಮನುಷ್ಯ, ನಗುಮುಖದವನು. “ಬಿಚ್ಚೋದೆಲ್ಲ ನನ್ನ ಕೆಲಸ, ನೀವ್ಯಾಕೆ ಮೈ ಕೊಳೆ ಮಾಡ್ಕೊಳ್ತೀರ?” ಎಂದ. ಮೇಸ್ತ್ರಿ ಹೊರಗೆ ತೆವಳಿ ಬಂದು, ಎದ್ದು, ಮೊಣಕಾಲಿನ ಮಣ್ಣು ಕೊಡವಿದ. ಅಂಗಳದಲ್ಲಿ ಮೊನ್ನೆಯ ಜನರಲ್ಲಿ ಒಬ್ಬಿಬ್ಬರು ಇದ್ದರು. ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡ. ಹೇಳಿದ್ದು ಇವರ ಮುಂದೆ, ನುಂಗುವುದೂ ಇವರ ಮುಂದೆಯೇ ಆಗಲಿ. “ಮೊನ್ನೆ ನಾನು ಹೇಳಿದ್ದು ತಪ್ಪು. ರಾಡ್ ಅಲ್ಲ” ಎಂದ. “ಚಳಿಗಾಲದಲ್ಲೇ ನನಗೆ ಒಂದು ಕಿವಿ ಹೋಗಿದೆ. ಸದ್ದು ಎಲ್ಲಿಂದ ಅಂತ ಗೊತ್ತಾಗಲ್ಲ. ಕಣ್ಣಲ್ಲೇ ನೋಡಿ.” ಗೇರ್‌ಬಾಕ್ಸಿನ ಅಡಿಯ ಸಣ್ಣ ತಗಡಿನ ಮುಚ್ಚಳವನ್ನು ಆಗಲೇ ತೆಗೆದಿದ್ದ. ಗುಜರಿಯವನು ಬಗ್ಗಿ ಇಣುಕಿದ. ಷಡ್ಡಕ ಕಿಂಡಿಯಲ್ಲಿ ಹಾರೆಕೋಲು ತೂರಿಸಿ ಚಕ್ರವನ್ನು ಮೀಟಿದ. ಅಲ್ಲಾಡಬಾರದ ಚಕ್ರ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿತು, ಟಕ್. ಇಂಜಿನ್ ಆರಿದ್ದಾಗಲೂ ಅದೇ ಸದ್ದು. ಗುಜರಿಯವನು ಎದ್ದು ನಿಂತು ಹಗ್ಗವನ್ನು ಸುತ್ತಿಕೊಳ್ಳತೊಡಗಿದ. ಅರ್ಧ ಸುತ್ತಿದವನು ನಿಲ್ಲಿಸಿ, ಕೆಡುಕಿನಿಂದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ: “ಮೇಸ್ತ್ರಿ, ಚಳಿಗಾಲದಿಂದ ಈಚೆಗೆ ನಿಮ್ಮ ಮಾತಿನ ಮೇಲೆ ನಾನು ಕೊಯ್ದು ಹಾಕಿದ ಗಾಡಿಗಳು? ಅವೂ ಹೀಗೇನಾ?”

ಮೇಸ್ತ್ರಿಗೆ ಒಂದು ಬೂದು ಬಣ್ಣದ ವ್ಯಾನು ನೆನಪಿಗೆ ಬಂತು. ಅದರ ಯಜಮಾನ ಕೀಲಿ ಕೊಡುವಾಗ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದ. “ಇರಬಹುದು” ಎಂದ. “ಒಂದೆರಡು ಇರಬಹುದು.” ಗುಜರಿಯವನು ತಲೆಯಾಡಿಸಿ ಹೋದ. ಬೂದು ವ್ಯಾನು ಹೋಗಲಿಲ್ಲ. ಅದು ಇನ್ನು ತನ್ನ ಜೊತೆಯೇ ಇರುತ್ತದೆ, ಇರಲಿ ಎಂದುಕೊಂಡು ಮತ್ತೆ ಗಾಡಿಯ ಕೆಳಗೆ ನುಸುಳಿದ. ಗೇರ್‌ಬಾಕ್ಸ್ ಇಳಿಸುವಷ್ಟರಲ್ಲಿ ಇಬ್ಬರ ಅಂಗಿಯೂ ಬೆವರಿಗೆ ಮೈಗಂಟಿತ್ತು. ಬೋಲ್ಟುಗಳು ಬೆರಳಿಗೇ ತಿರುಗಿದವು. ಷಡ್ಡಕ ಒಂದನ್ನು ಅಂಗೈಯಲ್ಲಿಟ್ಟುಕೊಂಡು, “ಹೆದ್ದಾರಿಯವನು ಇದನ್ನ ಕೈಯಲ್ಲಿ ಬಿಗಿದು ಹರಸಿ ಕಳಿಸಿದ್ದಾನೆ” ಎಂದ. ಅವನ ಬಾಯಿ ತಿರುಗಿ ಬಂದದ್ದಕ್ಕೆ ಮೇಸ್ತ್ರಿಗೆ ಹಿತವೆನಿಸಿತು. ತೂತುಗಳು ಸವೆದಿರಲಿಲ್ಲ. ಹೊಸ ಬೋಲ್ಟು ಹಾಕಿ, ಒಂದೊಂದನ್ನೂ ಬಿಗುವಿನ ಅಳತೆ ತೋರಿಸುವ ಸ್ಪ್ಯಾನರಿನಲ್ಲಿ ಎದುರುಬದುರಾಗಿ ಬಿಗಿದ. ಇಷ್ಟು ಸಾಕು ಎಂದು ಕೈ ಹೇಳಿದಾಗ ಅದನ್ನು ನಂಬದೆ ಇನ್ನೊಂದು ಸುತ್ತು ಪರೀಕ್ಷಿಸಿದ. ಅಕ್ಕ ಮನೆಗೆ ಹೋಗಿರಲಿಲ್ಲ. ಲಾಂಡ್ರಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಮಾಮೂಲಿನ ಹೊತ್ತಿಗೇ ಬರುತ್ತೇನೆ, ಆ ವ್ಯಾನಿನವನಿಗೆ ಬೇರೆ ದಾರಿ ನೋಡಿಕೊಳ್ಳಲು ಹೇಳಿ ಎಂದು ಜೋರಾಗಿ ಹೇಳುತ್ತಿದ್ದಳು. ಆಗಿನ್ನೂ ಗೇರ್‌ಬಾಕ್ಸ್ ನೆಲದ ಮೇಲೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮುದುಕಿ ಎದ್ದಳು. ಕೆಮ್ಮು ಇತ್ತು, ನಡುಕ ಇತ್ತು, ಟಕ್ ಇರಲಿಲ್ಲ. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ಹಳೆಯ ರೂಢಿಯಂತೆ ಕಣ್ಣು ಮುಚ್ಚಿದ. ಸದ್ದೆಲ್ಲ ಬಲಕ್ಕೇ ಬಂದು ನಿಂತಿತು, ಇನ್ನು ಮುಂದೆ ಹೀಗೆಯೇ. ಕಣ್ಣು ತೆರೆದಾಗ ಅಕ್ಕ ದಿಂಬು, ಟಾರ್ಚು, ಪರದೆಗಳನ್ನು ಚೀಲದಿಂದ ತೆಗೆದು ಕ್ಯಾಬಿನ್ನಿನಲ್ಲಿ ಹಿಂದಿನಂತೆ ಜೋಡಿಸುತ್ತಿದ್ದಳು. ಕನ್ನಡಕವನ್ನು ಒರೆಸಿ ಅದರ ಜಾಗದಲ್ಲಿಟ್ಟಳು. ಸೀಟಿಗೆ ಹತ್ತಿ ಕ್ಲಚ್ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಅವಳ ಹುಬ್ಬು ಗಂಟಿಕ್ಕಿತು. ಕಿಟಕಿಯಿಂದ ತಲೆ ಹೊರಹಾಕಿ ಏನೋ ಹೇಳಲು ಬಾಯಿ ತೆರೆದವಳು ತಡೆದಳು. ಅವನು ಅವಳಿಗೆ ಎಡಗಡೆಯನ್ನು ತೋರಿಸಿ ನಿಂತಿದ್ದ. ಅಕ್ಕ ಬಾಗಿಲು ತೆಗೆದು, ನೋಯುವ ಕಾಲನ್ನು ಮೊದಲು ಇಳಿಸಿ, ಬಾನೆಟ್ಟಿಗೆ ಕೈ ಊರಿಕೊಂಡು ಗಾಡಿಯನ್ನು ಸುತ್ತಿ ಬಂದು ಅವನ ಬಲಕ್ಕೆ ನಿಂತಳು.

“ಸಣ್ಣಗೆ ಒಂದು ಗರ್ ಅಂತ ಇನ್ನೂ ಇದೆ ಕಣೋ.”

ಅವನು ಕೈ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಸ್ಪ್ಯಾನರು ಎತ್ತಿಕೊಂಡ.

“ಯಾವ ಕಡೆಯಿಂದ?” ಎಂದು ಕೇಳಿದ.